ಸಾಸಿವೆ ಎಣ್ಣೆಯಲ್ಲಿ ಬೆಣ್ಣೆಹಣ್ಣು

ಮೊನ್ನೆ ಮಂಡಿನೋವಿಗೆ ಹಚ್ಚಿಕೊಳ್ಳೋಣವೆಂದು ಸಾಸಿವೆ ಎಣ್ಣೆ ಬಿಸಿ ಮಾಡಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆ. ಪಕ್ಕದಲ್ಲೇ ನನ್ನ ಮಗಳು ಶಾಲಿನಿ ತಾನು ತಂದಿದ್ದ ಬೆಣ್ಣೆಹಣ್ಣು ಹೆಚ್ಚುತ್ತಿದ್ದಳು. ಅವಳ ಬಾಯಲ್ಲಿ ಅದು ಅವಕಾಡೊ. ನಾನು ಬೆಣ್ಣೆಹಣ್ಣು ಅಂದರೆ, ‘ಹಾಗಂದ್ರೆ ಪಾಪ ಅದರ ಮರ್ಯಾದೆ ಹೋಗತ್ತಮ್ಮ’ ಎಂದು ನಗುತ್ತಾಳೆ. ಸುತ್ತ ಚಾಕು ಓಡಿಸಿ ಎರಡು ಹೋಳನ್ನೂ ತಿರುವಿ ಬಿಡಿಸಿದಳು ನೋಡಿ, ಆ ಹಸಿ ಪರಿಮಳ ಬಂದು ಸಾಸಿವೆ ಎಣ್ಣೆಯ ಘಾಟಿಗೆ ಸೇರಿಕೊಂಡಿತು. ನಾನು ಎಣ್ಣೆ ಬಟ್ಟಲು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ‘ಏನಾಯ್ತಮ್ಮ, ಬಿಪಿ ಮಾತ್ರೆ ತಗೊಂಡ್ಯಾ?’ ಎಂದಳು. ಮಾತ್ರೆ ತೆಗೆದುಕೊಂಡಿದ್ದೆ. ನನಗೆ ನೆನಪಾಗಿದ್ದು ಕಲ್ಕತ್ತೆಯ ಕಸ್ಬಾದಲ್ಲಿ ನಮ್ಮ ಮನೆಯೊಡತಿಯಾಗಿದ್ದ ಮಾಸಿಮಾ; ಬಂಗಾಳಿಯಲ್ಲಿ ಹಾಗಂದರೆ ಚಿಕ್ಕಮ್ಮ.

ಅವರ ವಿಷಯಕ್ಕೆ ಹೋಗುವ ಮುಂಚೆ ಬೆಣ್ಣೆಹಣ್ಣಿನ ಬಗ್ಗೆ ನನ್ನ ಸಿದ್ಧಾಂತ ಹೇಳಿಬಿಡಬೇಕು, ಇಲ್ಲದಿದ್ದರೆ ನನಗಾದ ಆಘಾತ ನಿಮಗೆ ಅರ್ಥವಾಗುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಬೆಣ್ಣೆಹಣ್ಣೆಂದರೆ ಸಿಹಿ. ಕಲ್ಲಿನಂಥ ಕಾಯಿ ತಂದು ಅಕ್ಕಿ ಡಬ್ಬದಲ್ಲಿ ಹೂತಿಡಬೇಕು. ತೊಟ್ಟಿನ ಹತ್ತಿರ ಒತ್ತಿದರೆ ಬೆರಳು ಮೆತ್ತಗೆ ಒಳಗಿಳಿಯಬೇಕು, ಆಗ ಹದ. ತಿರುಳನ್ನು ಚಮಚದಲ್ಲಿ ಕೆರೆದು, ಸೌಟಿನ ಹಿಂಭಾಗದಿಂದ ಮಸೆದು, ತಣ್ಣನೆಯ ಹಾಲು, ಸಕ್ಕರೆ, ಚಿಟಿಕೆ ಏಲಕ್ಕಿ. ಸಕ್ಕರೆಯ ಬದಲು ಬೆಲ್ಲ ಹಾಕಿ ಗಟ್ಟಿಯಾಗಿ ಕಲಸಿದರೆ ಸೀಕರಣೆ, ಚಪಾತಿಗಾಗುತ್ತದೆ. ಒಲೆಗೆ ಮಾತ್ರ ತೋರಿಸಬಾರದು. ಮದುವೆಯಾದ ಹೊಸದರಲ್ಲಿ ಜಾಣತನ ಮಾಡಲು ಹೋಗಿ ನಾನು ಇದರ ಪಲ್ಯ ಮಾಡಿದ್ದೆ. ಬೇವಿನಸೊಪ್ಪಿನ ಕಹಿ ಬಂದು ಇವರು, ಅಂದರೆ ನಮ್ಮ ಯಜಮಾನರು, ಊಟ ಬಿಟ್ಟು ಎದ್ದರು. ಇನ್ನು ಬೆಣ್ಣೆಹಣ್ಣಿಗೆ ಉಪ್ಪು ಖಾರ ಹಾಕುವವರನ್ನು ನಾನು ಹಲಸಿನ ತೊಳೆಗೆ ಉಪ್ಪಿನಕಾಯಿ ಹಚ್ಚುವವರ ಪಂಗಡಕ್ಕೆ ಸೇರಿಸಿದ್ದೆ.

ಇವರದು ಕೇಂದ್ರ ಸರ್ಕಾರದ ಕೆಲಸ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಲ್ಕತ್ತೆಗೆ ವರ್ಗವಾಯಿತು. ಆಗ ಆ ಊರಿಗೂ ಐಟಿ ಗಾಳಿ ಬೀಸಿತ್ತು. ಸಾಲ್ಟ್ ಲೇಕಿನ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಸ್ಬಾದ ಗಲ್ಲಿಗಳಲ್ಲಿ ಕುತ್ತಿಗೆಗೆ ಕಂಪನಿಯ ಬಿಲ್ಲೆ ನೇತುಹಾಕಿಕೊಂಡ ಹುಡುಗರು ಬಾಡಿಗೆ ಮನೆಗಾಗಿ ಅಲೆಯುತ್ತಿದ್ದರು. ಮಾಸಿಮಾ ಮನೆಯ ಕೆಳಭಾಗ ಖಾಲಿಯಿದೆಯೆಂದು ನಾವು ಹೋದಾಗ ಅಂಥ ಇಬ್ಬರು ಬಾಗಿಲಲ್ಲೇ ನಿಂತು, ಬಾಡಿಗೆ ಎಷ್ಟಾದರೂ ಸರಿ ಎನ್ನುತ್ತಿದ್ದರು. ಬಿಳಿ ಸೀರೆಯ, ಎಪ್ಪತ್ತರ ಹತ್ತಿರದ ಆ ಸಣ್ಣ ಹೆಂಗಸು ಅವರನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಕೇಳಿದರು.

‘ಮೀನು ತಿಂತೀರಾ?’

‘ಇಲ್ಲ.’

‘ಮೊಟ್ಟೆ?’

‘ಮನೆಗೇ ತರಲ್ಲ.’

‘ಯಾವತ್ತಾದ್ರೂ, ಕದ್ದು?’ ಎಂದು ಇವರ ಮುಖ ನೋಡಿದರು. ಇವರು ಗಾಬರಿಯಲ್ಲಿ ಕೈ ಮುಗಿದರು. ಬೀಗದ ಕೈ ನನ್ನ ಕೈಗೆ ಬಂತು.

ನನಗೆ ಹಿಡಿಸಲಾರದ ಹೆಮ್ಮೆ. ಅಮ್ಮನಿಗೆ ಫೋನು ಮಾಡಿ, ‘ಮೀನು ತಿನ್ನೋ ಊರಲ್ಲಿ ನಮ್ಮ ಮಡಿಗೆ ಮರ್ಯಾದೆ ಸಿಕ್ತು ಕಣಮ್ಮ’ ಎಂದು ಕೊಚ್ಚಿಕೊಂಡೆ. ಮಡಿ ಎಂದರೆ ಏನು ಮಹಾ, ಈರುಳ್ಳಿ ಬೆಳ್ಳುಳ್ಳಿ ಎಲ್ಲ ತಿನ್ನುವವಳೇ ನಾನು. ಆದರೂ ಪಕ್ಕದ ಮನೆಯ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ನಡೆಯುವಾಗ ನಡಿಗೆಯಲ್ಲೇ ಒಂದು ಠೀವಿ ಬಂದುಬಿಟ್ಟಿತ್ತು.

ಮಾಸಿಮಾಗೆ ಮಕ್ಕಳಿಲ್ಲ. ಗಂಡ ಗಾರ್ಡನ್ ರೀಚ್ ಕಡೆ ಕೆಲಸದಲ್ಲಿದ್ದವರು, ಸಣ್ಣ ವಯಸ್ಸಿನಲ್ಲೇ ಜ್ವರ ಬಂದು ಹೋದರು. ಅಂದಿನಿಂದ ಈಕೆ ನಿರಾಮಿಷ್. ನಮ್ಮ ಸಸ್ಯಾಹಾರ ಎಷ್ಟೋ ವಾಸಿ. ಅಲ್ಲಿ ಹಳೇ ಕಾಲದ ವಿಧವೆಗೆ ಮೀನಿಲ್ಲ, ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಕೆಂಪು ಬೇಳೆಯೂ ಇಲ್ಲ. ಹಸಿರು ಮೆಣಸಿನಕಾಯಿ, ಸಾಸಿವೆ, ಬೇಯಿಸಿದ ಆಲೂಗಡ್ಡೆ, ಅನ್ನ. ನಾವಿದ್ದ ಕಾಲಕ್ಕೆ ಆ ಗಲ್ಲಿಯಲ್ಲೇ ಈ ಕಟ್ಟುಪಾಡು ಬಿಟ್ಟ ವಿಧವೆಯರು ಬೇಕಾದಷ್ಟು ಜನ ಇದ್ದರು. ಡಾಕ್ಟರೂ ಹೇಳಿದ್ದರು, ರಕ್ತ ಕಡಿಮೆಯಿದೆ, ಮೀನು ತಿನ್ನಿ ಅಂತ. ಮತ್ಯಾಕೆ ತಿನ್ನಬಾರದು ಎಂದು ನಾನೇ ಒಮ್ಮೆ ಕೇಳಿದೆ. ಅವರದು ಬಂಗಾಳಿ ಬೆರೆತ ಹಿಂದಿ, ನನ್ನದು ಕನ್ನಡ ಬೆರೆತ ಹಿಂದಿ. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

‘ಅತ್ತೆ ಪಾದ ಮುಟ್ಟಿ ಮಾತು ಕೊಟ್ಟಿದ್ದೀನಿ, ಮೀನು ತಿನ್ನಲ್ಲ ಅಂತ. ಈಗ ಅತ್ತೆ ಇಲ್ಲ. ಮಾತನ್ನ ಯಾರ ಹತ್ತಿರ ವಾಪಸ್ ಕೇಳಲಿ?’

ಅದಕ್ಕೆ ಉತ್ತರ ನಮ್ಮ ಮೈಸೂರಿನ ಯಾವ ಶಾಸ್ತ್ರಿಗಳ ಹತ್ತಿರವೂ ಇರಲಾರದು.

ನನ್ನ ಮೈದುನ ರಘು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅವರ ಕಂಪನಿಗೆ ಸಾಲ್ಟ್ ಲೇಕಿನಲ್ಲಿ ಏನೋ ಕೆಲಸ ಸಿಕ್ಕಿ, ಅವನು ಸಿಟಿ ಬಸ್ಸು ಹತ್ತಿದಷ್ಟು ಸಲೀಸಾಗಿ ವಿಮಾನದಲ್ಲಿ ಬಂದುಹೋಗುತ್ತಿದ್ದ. ಕಲ್ಕತ್ತೆಯಲ್ಲಿ ಆಗ ಬೆಣ್ಣೆಹಣ್ಣು ಕೇಳಿದರೆ ಗರಿಯಾಹಾಟ್ ಮಾರುಕಟ್ಟೆಯ ಹಣ್ಣಿನವರು ಪೇರಲೆಹಣ್ಣು ತೋರಿಸುತ್ತಿದ್ದರು. ಹಾಗಾಗಿ ರಘು ಲ್ಯಾಪ್‌ಟಾಪ್ ಚೀಲದಲ್ಲಿ ಬೆಣ್ಣೆಹಣ್ಣು ತರುತ್ತಿದ್ದ. ಮೊದಲ ಸಲ ತಂದಾಗ, ಪಾಪ ಮುದುಕಿಗೆ ಶಕ್ತಿ ಬರಲಿ ಎಂದು ಹಾಲು ಸಕ್ಕರೆ ಹಾಕಿ ಒಂದು ಬಟ್ಟಲು ಮೇಲೆ ಕಳಿಸಿದೆ. ಬಟ್ಟಲು ತೊಳೆದು ವಾಪಸ್ ಬಂತು. ಶಾಲಿನಿಗೆ ಆಗ ಆರೋ ಏಳೋ ವರ್ಷ; ಅವಳು ಬಂದು ವರದಿ ಒಪ್ಪಿಸಿದಳು: ‘ಅಮ್ಮಾ, ಮಾಸಿಮಾ ಒಂದೇ ಚಮಚ ಖಾಯಾ. ಬಾಕಿ ನಾನು.’

ಮುಂದಿನ ಸಲ ರಘು ಬಂದುಹೋದ ಮೇಲೆ ಮಾಸಿಮಾ ತಾವೇ, ‘ಆ ಹಸಿರು ಹಣ್ಣು ಒಂದು ಹಾಗೇ ಕೊಡು, ನಾನು ನನ್ನ ಥರ ಮಾಡ್ಕೋತೀನಿ’ ಎಂದರು. ನಾನು ಹದವಾದ ಒಂದನ್ನು ಆರಿಸಿ ಮೇಲೆ ಕೊಂಡುಹೋದೆ. ಅವರು ಕಲ್ಲಿನ ಬಟ್ಟಲಿಗೆ ತಿರುಳು ಹಾಕಿದರು. ಉಪ್ಪು ಹಾಕಿದರು. ನಾನು ಕಣ್ಣು ಬಿಟ್ಟೆ. ಹಸಿಮೆಣಸಿನಕಾಯಿ ಕಿವುಚಿದರು. ಅರೆದ ಸಾಸಿವೆ ಒಂದು ಉಂಡೆ ಹಾಕಿದರು. ಕೊನೆಗೆ ಸಾಸಿವೆ ಎಣ್ಣೆಯ ಸೀಸೆಯನ್ನೇ ಬಗ್ಗಿಸಿದರು. ಹಸಿ ಎಣ್ಣೆ, ನಮ್ಮಲ್ಲಿ ಗೂರಲು ರೋಗದವರ ಎದೆಗೆ ತಿಕ್ಕುವಂಥದ್ದು. ನನ್ನ ತವರುಮನೆಯ ಹಣ್ಣಿನ ಮಾನ ನನ್ನ ಕಣ್ಣೆದುರಿಗೇ ಹೋಗುತ್ತಿತ್ತು. ‘ಮಾಖಾ’ ಎಂದರು ಮಾಸಿಮಾ. ಅಲ್ಲಿ ಏನು ಸಿಕ್ಕಿದರೂ ಹೀಗೆ ಕಲಸಿ ಅದಕ್ಕೆ ಮಾಖಾ ಅನ್ನುತ್ತಾರೆ.

ಬಿಸಿ ಅನ್ನದ ಮೇಲೆ ಅದನ್ನು ಹಾಕಿ, ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಅಗಿಯುತ್ತಿದ್ದ ಬಾಯಿ ನಿಂತುಹೋಯಿತು. ಮುಖದ ರಕ್ತವೆಲ್ಲ ಇಳಿದು, ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಕೆಲವರಿಗೆ ಕೆಲವು ಹಣ್ಣು ಆಗಿಬರುವುದಿಲ್ಲ, ಪರವೂರಿನಲ್ಲಿ ಕೊಲೆಗಾತಿ ಆದೆನಲ್ಲಪ್ಪ ಎಂದು ನೀರಿನ ಲೋಟ ಮುಂದೆ ಹಿಡಿದೆ.

‘ನನಗೆ ಏನು ಕೊಟ್ಟೆ ನೀನು?’ ಎಂದರು ಮಾಸಿಮಾ. ‘ಇದು ಇಲಿಶ್.’

ಇಲಿಶ್ ಎಂದರೆ ಬಂಗಾಳಿಗಳು ಪ್ರಾಣ ಬಿಡುವ ಮೀನು. ಸಾಸಿವೆ ಅರೆದು, ಹಸಿಮೆಣಸಿನಕಾಯಿ, ಸಾಸಿವೆ ಎಣ್ಣೆ ಹಾಕಿ ಹಬೆಯಲ್ಲಿ ಬೇಯಿಸುತ್ತಾರಂತೆ.

‘ಅಯ್ಯೋ ಮಾಸಿಮಾ, ಹಣ್ಣು ಅದು. ಮರದಲ್ಲಿ ಬಿಡೋದು.’

‘ಇಲಿಶ್‌ನ ಹೊಟ್ಟೆ ಭಾಗ. ಅದೇ ಜಿಡ್ಡು, ಅದೇ ಮೆತ್ತಗೆ. ನಾನು ಮರೀತೀನಾ?’

ಈಗ ನೀವೇ ಹೇಳಿ, ನನ್ನ ಗತಿ ಏನಾಗಬೇಡ. ಹುಟ್ಟಿದಾಗಿನಿಂದ ತಿಂದ ಹಣ್ಣು, ದೇವರ ಮುಂದೆ ಇಟ್ಟ ಹಣ್ಣು, ಅದಕ್ಕೆ ಮೀನಿನ ರುಚಿ ಎಂದರೆ? ಮೀನು ಗೊತ್ತಿದ್ದ ಅವರಿಗೆ ಹಣ್ಣು ಗೊತ್ತಿಲ್ಲ, ಹಣ್ಣು ಗೊತ್ತಿದ್ದ ನನಗೆ ಮೀನು ಗೊತ್ತಿಲ್ಲ. ಮಾಸಿಮಾ ಬಟ್ಟಲನ್ನು ನನ್ನ ಕಡೆ ತಳ್ಳಿದರು. ‘ನೀನು ಹುಟ್ಟಾ ನಿರಾಮಿಷ್. ನಿನ್ನ ಗಂಟಲಲ್ಲಿ ಇಳಿದ್ರೆ ಇದು ಹಣ್ಣು. ತಿನ್ನು.’

ಅವರ ಮಾತು ಮುರಿಯಿತೋ ಉಳಿಯಿತೋ ಎಂಬುದು ನನ್ನ ಗಂಟಲಿಗೆ ಬಂದು ನಿಂತಿತ್ತು. ಕಣ್ಣು ಮುಚ್ಚಿ, ಬೆರಳ ತುದಿಯಷ್ಟು ತೆಗೆದು ಬಾಯಿಗಿಟ್ಟೆ. ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ತಣ್ಣನೆಯ ತಿರುಳು, ಖಾರ, ಉಪ್ಪು. ಹಾಳಾದ್ದು, ರುಚಿಯಾಗಿತ್ತು. ಬಲು ರುಚಿಯಾಗಿತ್ತು. ನನಗೆ ನನ್ನ ಮೇಲೇ ಹೆದರಿಕೆಯಾಯಿತು.

‘ಹಣ್ಣೇ ಮಾಸಿಮಾ’ ಎಂದೆ.

‘ನಿನ್ನ ನಾಲಿಗೆಗೆ ಹಣ್ಣು. ನನ್ನ ನಾಲಿಗೆ ಮೀನು ತಿಂತು. ಈಗ ನನ್ನ ಮಾತು?’ ಎಂದರು. ಆಮೇಲೆ ತಟ್ಟೆ ದೂಡಿ, ಗೋಡೆಗೆ ಒರಗಿ, ಬೇರೆ ಯಾರಿಗೋ ಹೇಳುವ ಹಾಗೆ ಹೇಳಿದರು: ‘ನಿಮಗೆ ಯಾಕೆ ಮನೆ ಕೊಟ್ಟೆ ಗೊತ್ತಾ? ಮುಂಚೆ ಇದ್ದವರು ದಿನಾ ಮೀನು ಕರೀತಿದ್ರು. ವಾಸನೆ ಮೇಲೆ ಬರೋದು. ಈ ವಯಸ್ಸಲ್ಲಿ ನನ್ನ ಬಾಯಲ್ಲಿ ನೀರು ಬರೋದು. ಜಪಕ್ಕೆ ಕೂತರೂ ಬರೋದು. ನಾಚಿಕೆಗೆ ಅವರನ್ನ ಬಿಡಿಸಿದೆ.’

ನಮ್ಮ ಮಡಿಗೆ ಸಿಕ್ಕ ಮನೆ ಅಲ್ಲ ಅದು. ನಮ್ಮ ಒಲೆಯಿಂದ ಅವರ ಆಸೆ ಏಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಿಕ್ಕಿದ್ದು. ಗರಿಯಾಹಾಟಿಗೆ ತರಕಾರಿಗೆ ಹೋದಾಗಲೆಲ್ಲ ಅವರು ಮೂಗಿಗೆ ಸೆರಗು ಹಿಡಿದುಕೊಂಡು ಮೀನಿನ ಸಾಲಿನಲ್ಲೇ ಯಾಕೆ ಹಾದುಹೋಗುತ್ತಿದ್ದರು, ಅಲ್ಲಿ ಯಾಕೆ ಅಷ್ಟು ನಿಧಾನವಾಗುತ್ತಿದ್ದರು ಎಂಬುದು ಆಗ ತಲೆಗೆ ಹೋಯಿತು. ನಾನೂ ಪಕ್ಕದಲ್ಲೇ ನಡೆದಿದ್ದೆ, ನನ್ನದೇ ಠೀವಿಯಲ್ಲಿ.

ಅದಾದ ಮೇಲೆ ಮಾಸಿಮಾ ಕೆಳಗಿಳಿಯಲಿಲ್ಲ. ಉಪವಾಸವಿದ್ದಾರೆ, ಬರೀ ನೀರು ಕುಡಿಯುತ್ತಾರೆ ಎಂದು ಕೆಲಸದವಳು ಹೇಳಿದಳು. ‘ಒಳ್ಳೇದು ಮಾಡೋಕೆ ಹೋಗಿ ಮುದುಕಿ ಪ್ರಾಣಕ್ಕೆ ಸಂಚಕಾರ ತಂದೆಯಲ್ಲ’ ಎಂದು ಇವರು ಗೊಣಗಿದರು. ಅವರ ನಲವತ್ತು ವರ್ಷಕ್ಕೂ ಮೀರಿದ ಮಾತನ್ನು ನಾನು ಒಂದು ಹಣ್ಣು ಕೊಟ್ಟು ಕೆಡಿಸಿದೆನೇ? ದೇವರ ಮುಂದೆ ಕೂತು ಜೋರಾಗಿಯೇ ಅತ್ತೆ.

ಕೊನೆಗೊಂದು ಬೆಳಿಗ್ಗೆ ಅವರೇ ಬಂದರು. ಸ್ನಾನ ಮಾಡಿದ್ದರು, ಮುಖ ಬಾಡಿತ್ತು. ಬಾಗಿಲಲ್ಲೇ ನಿಂತು, ‘ಅತ್ತೆಗೆ ತಿನ್ನಲ್ಲ ಅಂತ ಹೇಳಿದ್ದೆ. ಮರೆತುಬಿಡ್ತೀನಿ ಅಂತ ಹೇಳಿರಲಿಲ್ಲ’ ಎಂದರು. ಆಮೇಲೆ, ‘ಇನ್ನೊಂದು ಹಣ್ಣಿದೆಯಾ?’ ಎಂದರು.

ಇತ್ತು. ಅಂದು ಅವರು ನನ್ನ ಎದುರಿಗೇ ಕೂತು ಊಟ ಮಾಡಿದರು. ಪ್ರತಿ ತುತ್ತಿಗೂ ಅವರ ಹೆಬ್ಬೆರಳು ಅನ್ನದೊಳಗೆ ಏನನ್ನೋ ತಡಕುತ್ತಿತ್ತು. ಮೊದಲು ನನಗೆ ತಿಳಿಯಲಿಲ್ಲ. ಇಲಿಶ್‌ನಲ್ಲಿ ಕೂದಲಿನಂಥ ಮುಳ್ಳು ಬಹಳ, ಬೆರಳಲ್ಲೇ ಬಿಡಿಸಿ ತಿನ್ನಬೇಕಂತೆ. ಇರದ ಮುಳ್ಳನ್ನು ಅವರ ಬೆರಳು ಹುಡುಕುತ್ತಿತ್ತು, ಎತ್ತಿ ತಟ್ಟೆಯ ಅಂಚಿಗೆ ಇಡುತ್ತಿತ್ತು. ತಟ್ಟೆಯ ಅಂಚಿನಲ್ಲಿ ಏನೂ ಇರಲಿಲ್ಲ. ಅವರಿಗೆ ಅದರ ಪರಿವೆಯೂ ಇರಲಿಲ್ಲ. ನಾನು ನೀರು ತರುವ ನೆಪ ಮಾಡಿ ಒಳಗೆ ಹೋದೆ.

ಮುಂದೆ ರಘು ಬಂದಾಗಲೆಲ್ಲ ಮಾಸಿಮಾ ಪಾಲು ಬೇರೆ ಬರುತ್ತಿತ್ತು. ಅವರು ಮೀನನ್ನಂತೂ ಮುಟ್ಟಲಿಲ್ಲ. ನಮಗೆ ವಾಪಸ್ ವರ್ಗವಾದಾಗ, ಅವರಿಗೆ ನಮ್ಮಂಥ ಇನ್ನೊಂದು ಸಂಸಾರವನ್ನೇ ಹುಡುಕಿಕೊಡಬೇಕೆಂದು ನಾನು ಕಂಡ ಕಂಡ ಕನ್ನಡದವರನ್ನೆಲ್ಲ ವಿಚಾರಿಸುತ್ತಿದ್ದೆ. ‘ಬೇಡ, ಜನ ಸಿಕ್ಕಿದ್ದಾರೆ’ ಎಂದರು. ನಾವು ಸಾಮಾನು ಲಾರಿಗೆ ಹಾಕುತ್ತಿದ್ದ ದಿನವೇ ಹೊಸಬರು ಬಂದರು. ಬಂಗಾಳಿ ಹುಡುಗಿ, ಐಟಿಯವಳು, ಜೊತೆಗೆ ಗಂಡ. ನಮ್ಮ ಪೆಟ್ಟಿಗೆಗಳು ಇನ್ನೂ ಅಂಗಳದಲ್ಲಿರುವಾಗಲೇ ನನ್ನ ಅಡುಗೆಮನೆಯಲ್ಲಿ ಚರ್ರೆಂದು ಮೀನು ಬಿತ್ತು. ಆ ವಾಸನೆಗೆ ನಾನು ನಿಂತಲ್ಲೇ ಬೆಚ್ಚಿಬಿದ್ದು ಮೇಲೆ ನೋಡಿದೆ. ಮಾಸಿಮಾ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಮೂಗಿಗೆ ಸೆರಗಿರಲಿಲ್ಲ. ಕಣ್ಣು ಮುಚ್ಚಿದ್ದರು. ಹಾಗೇ ಸ್ವಲ್ಪ ಹೊತ್ತು ನಿಂತು, ಕಣ್ಣು ತೆರೆಯದೆಯೇ ಕೆಳಗೆ ಕೂಗಿ ಹೇಳಿದರು: ‘ಓ ಮಗಳೇ, ಈಗ ಮಗುಚಿ ಹಾಕು. ಸೀಯತ್ತೆ.’

ಶಾಲಿನಿಗೆ ಇದೊಂದೂ ನೆನಪಿಲ್ಲ. ಮೊನ್ನೆ ಅವಳು ಹಾಲಿನ ಪಾತ್ರೆ ಹತ್ತಿರ ಎಳೆದುಕೊಂಡಿದ್ದಳು. ನಾನು ಅದನ್ನು ಪಕ್ಕಕ್ಕಿಟ್ಟು, ಮಂಡಿಗೆಂದು ಇಟ್ಟಿದ್ದ ಎಣ್ಣೆಯನ್ನೇ ಬಗ್ಗಿಸಿದೆ. ಉಪ್ಪು, ಹಸಿಮೆಣಸಿನಕಾಯಿ, ಕುಟ್ಟಿದ ಸಾಸಿವೆ ಹಾಕಿ ಕಲಸಿ, ಬಿಸಿ ಅನ್ನದ ಮೇಲೆ ಹಾಕಿ ಕೊಟ್ಟೆ. ಅವಳು ಮೂಗು ಮುರಿದು ಚಮಚಕ್ಕೆ ಕೈ ಹಾಕಿದಳು.

‘ಕೈಯಲ್ಲಿ ತಿನ್ನು’ ಎಂದೆ. ‘ನಿಧಾನವಾಗಿ, ನೋಡ್ಕೊಂಡು.’

‘ಯಾಕಮ್ಮ, ಬೀಜದ ಚೂರು ಸೇರಿದೆಯಾ?’

‘ಏನೂ ಸೇರಿಲ್ಲ’ ಎಂದೆ. ‘ಆದ್ರೂ ಬೆರಳಲ್ಲಿ ಒಂದ್ಸಲ ಮುಟ್ಟಿ ನೋಡಿ ತಿನ್ನು.’