ನನ್ನ ಕೈ ಮುರಿದದ್ದು ಅಪ್ಪ

ಎಪ್ಪತ್ತರ ದಶಕದಲ್ಲಿ ನಾವು ಪುಟ್ಟೇನಹಳ್ಳಿಯ ಒಂದು ವಠಾರದಲ್ಲಿದ್ದೆವು. ವಠಾರದ ಓನರಮ್ಮ ಆ ಊರಿನ ಹಳಬರು; ಅವರ ರಾಗಿ ಹೊಲವೆಲ್ಲ ಸೈಟುಗಳಾಗಿದ್ದವು. ಅಪ್ಪ ಫ್ಯಾಕ್ಟರಿಯಲ್ಲಿ ಫಿಟ್ಟರ್. ಕುಡಿಯುತ್ತಿರಲಿಲ್ಲ. ನನ್ನ ಕೈ ಮುರಿದ ಕಥೆ ಕೇಳಿದವರೆಲ್ಲ ಮೊದಲು ವಿಚಾರಿಸುವುದೇ ಅದು, ಅದಕ್ಕೆ ಹೇಳಿದೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡೇ ಹೊಡೆಯುತ್ತಿದ್ದ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಬೆಳಿಗ್ಗೆ ರೇಡಿಯೋ ಕೈಜಾರಿ ಬೀಳಿಸಿದೆ. ಅಪ್ಪ ಬೆಲ್ಟ್ ಎಳೆದುಕೊಂಡ. ಬಕಲ್ಲು ಬೆನ್ನಿಗೆ ಬಿತ್ತು, ಕಿವಿಗೆ ಬಿತ್ತು. ಮಂಚದ ಕೆಳಗೆ ನುಸುಳಿದವಳನ್ನು ಈಚೆಗೆಳೆದು ಕೈ ಹಿಂದಕ್ಕೆ ತಿರುಚಿದ. ಮೊಣಕೈ ಹತ್ತಿರ ಲಟಕ್ಕಂತು. ಅಲ್ಲಿಯವರೆಗೂ ಕಿರುಚುತ್ತಿದ್ದ ನನ್ನ ದನಿಯೇ ನಿಂತುಹೋಯಿತು.

"ಬಿಟ್ಬಿಡ್ರೀ, ಸತ್ತೋಗ್ತಾಳೆ!" ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ಕೂಗಿದಳು. ಹತ್ತಿರ ಬಂದರೆ ಅವಳಿಗೂ ಬೀಳುತ್ತಿತ್ತು.

ನನ್ನ ಕಿರುಚಾಟ ವಠಾರಕ್ಕೆಲ್ಲ ಅಭ್ಯಾಸವಾಗಿತ್ತು. ಅದು ತಟ್ಟನೆ ನಿಂತದ್ದಕ್ಕೇ ಹೆದರಿ ಓನರಮ್ಮ ಒಳಗೆ ನುಗ್ಗಿದರು. ಅಪ್ಪನ ಎದೆಗೆ ಕೈಹಾಕಿ ದೂಡಿ, ನನ್ನನ್ನೆತ್ತಿಕೊಂಡು ಆಟೋ ಹತ್ತಿದರು. ಅಮ್ಮ ಚಪ್ಪಲಿಯಿಲ್ಲದೆ ಹಿಂದೆ ಓಡಿಬಂದು ಹತ್ತಿಕೊಂಡಳು.

ಆಸ್ಪತ್ರೆಯಲ್ಲಿ ಅಮ್ಮ, "ಮೆಟ್ಲಿಂದ ಬಿದ್ಲು ಡಾಕ್ಟ್ರೇ" ಅಂದಳು.

"ಸುಳ್ಳ್ ಹೇಳ್ಬೇಡ ಕಣಮ್ಮ," ಅಂದರು ಓನರಮ್ಮ. "ಮುರಿದಿದ್ದು ಇವಳಪ್ಪ."

ಡಾಕ್ಟರು ನನ್ನ ಬೆನ್ನು ನೋಡಿದರು. "ಹೌದಾ ಪುಟ್ಟಿ?" ನಾನು ಅಮ್ಮನ ಮುಖ ನೋಡಿದೆ. ಅಮ್ಮನೇ "ಹೌದು" ಅಂದಳು.

ಸಂಜೆ ವಠಾರಕ್ಕೆ ವಾಪಸಾದಾಗ ಅಪ್ಪ ಓನರಮ್ಮನ ಜೊತೆ ವಾದಕ್ಕಿಳಿದ. "ನಮ್ಮಪ್ಪ ನನ್ನ ಕಂಬಕ್ಕೆ ಕಟ್ಟಿ ಹೊಡೀತಿದ್ರು. ನಾನೇನ್ ಹಾಳಾದ್ನಾ?"

"ಹಾಳಾಗ್ದೇನೇ ಮಗೀನ ಕೈ ಮುರಿದ್ಯಾ?" ಓನರಮ್ಮ ಕೇಳಿದರು. "ಇನ್ನೊಂದ್ ಏಟು ಬೀಳ್ಲಿ, ಪೊಲೀಸ್ನೋರ್ನ ನಾನೇ ಕರ್ಕೊಂಡ್ ಬತ್ತೀನಿ."

ಬ್ಯಾಂಡೇಜ್ ಬಿಚ್ಚುವವರೆಗೆ ಅವರ ಮನೆಯಲ್ಲೇ ಮಲಗಿದೆ. ಆಮೇಲೊಂದು ದಿನ ಅಪ್ಪ ಮತ್ತೆ ಬೆಲ್ಟಿಗೆ ಕೈಹಾಕಿದಾಗ ಅಮ್ಮ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಬಂದು, "ಬನ್ನಿ, ಎಲ್ರೂ ಬಂದ್ ನೋಡಿ!" ಅಂತ ಅರಚಿದಳು. ಬಾಗಿಲುಗಳು ತೆರೆದವು. ಬಾಗಿಲವರೆಗೆ ಬಂದ ಅಪ್ಪ ಕೈಗೆ ಸಿಕ್ಕ ತಟ್ಟೆಯೊಂದನ್ನು ಗೋಡೆಗೆ ಎಸೆದು ಒಳಗೆ ಹೋದ.

ಅಪ್ಪ ಬದಲಾಗಲಿಲ್ಲ. ನೋಡುವವರಿದ್ದಾರೆ ಅಂತ ಗೊತ್ತಾಯಿತು, ಅಷ್ಟೇ. ನನ್ನನ್ನು ಮತ್ತೆ ಮುಟ್ಟಲಿಲ್ಲ. ಅಮ್ಮನಿಗೆ ಬೀಳುವ ಏಟು ನಿಂತದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ, ನಾನು ಕೆಲಸಕ್ಕೆ ಸೇರಿ ಅವಳನ್ನು ಬನಶಂಕರಿಯ ಬಾಡಿಗೆ ಮನೆಗೆ ಕರೆದುಕೊಂಡು ಬಂದಾಗ.