ತುತ್ತಿ ಗಿಡದ ಸಾಲು

—ಅಥವಾ ಅದು ಎಡಗಡೆಯ ಪಾತಿಯಾಗಿತ್ತೇ? ಘಣಸೋಲಿಯ ಆ ರೈಲು ಹಳಿಬದಿಯ ತೋಟವನ್ನು ನೆನೆದಾಗಲೆಲ್ಲ ಎಡಬಲ ಅದಲುಬದಲಾಗುತ್ತದೆ. ಆದರೆ ಎರಡು ಪಾತಿಗಳ ಎಣಿಕೆಯನ್ನು ಅದಲುಬದಲು ಮಾಡಿದ್ದು ನೆನಪಲ್ಲ, ನಾನು. ಬೇಕೆಂದೇ ಮಾಡಿದೆ.

ಆಗ ನೆರೂಳದಲ್ಲಿ ಎಮ್ಮೆಸ್ಸಿ ಓದುತ್ತಿದ್ದೆ. ಬೆಂಡೆಕಾಯಿ ಕೊರೆಯುವ ಹುಳದ ತಾಯಿ — ರೆಕ್ಕೆಯ ಮೇಲೆ ಹಸಿರು ಗೀಟಿರುವ ಪುಟ್ಟ ಪತಂಗ — ಮೊಟ್ಟೆಯಿಡಲು ಯಾವ ಗಿಡವನ್ನು ಆರಿಸುತ್ತದೆ ಎಂಬುದು ನನ್ನ ಪ್ರಾಜೆಕ್ಟು. ತೋಟ ಮಲ್ಲಮ್ಮನದು, ರಾಯಚೂರಿನಿಂದ ಬಂದು ಅಲ್ಲಿ ಬೆಂಡೆ ಬೆಳೆದು ಮಾರುತ್ತಿದ್ದಳು. ಪಾತಿಗಳ ಅಂಚಿನಲ್ಲಿ ತುತ್ತಿ ಎಂಬ ಕಳೆಗಿಡವನ್ನು ಅವಳು ಕೀಳುತ್ತಿರಲಿಲ್ಲ.

"ಹುಳಕ್ಕೂ ಒಂದ್ ಪಾಲು ಬೇಕಲ್ರಿ ಸರ. ಅದರಾಗ ಹೊಟ್ಟಿ ತುಂಬಿದ್ರ ನನ್ನ ಬೆಂಡಿಗೆ ಯಾಕ ಬರ್ತದ?"

ನಾನು ನಕ್ಕೆ. ಕಳೆಯೇ ಹುಳದ ತವರು, ಅದನ್ನು ಕಿತ್ತರೆ ಬೆಳೆ ಉಳಿಯುತ್ತದೆ — ಈ ತೀರ್ಮಾನವನ್ನು ಎಣಿಸುವ ಮೊದಲೇ ಬರೆದು ಗೈಡ್‌ಗೆ ತೋರಿಸಿ ಮೆಚ್ಚುಗೆಯನ್ನೂ ಪಡೆದಿದ್ದೆ. ಹೋಲಿಸಲೆಂದು ಒಂದು ಪಾತಿಯ ತುತ್ತಿಯನ್ನು ಕೀಳಿಸಿದೆ. ತೂತು ಬಿದ್ದ ಕಾಯಿ ಹೆಚ್ಚು ಸಿಕ್ಕಿದ್ದು ಆ ಪಾತಿಯಲ್ಲೇ. ಎಣಿಕೆಯ ಪುಸ್ತಕದಲ್ಲಿ ಪಾತಿಗಳ ಹೆಸರು ಅಳಿಸಿ — ರಬ್ಬರಿನ ಪುಡಿಯನ್ನು ಊದಿದ್ದು ಕಣ್ಣಿಗೆ ಕಟ್ಟಿದೆ, ಅಥವಾ ಆಮೇಲೆ ಸೇರಿಸಿಕೊಂಡೆನೋ — ಒಂದರ ಎಣಿಕೆಯನ್ನು ಇನ್ನೊಂದಕ್ಕೆ ಬರೆದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತೋಟಕ್ಕೆ ಹೋಗಿ ಹೇಳಿದೆ:

"ಉಳಿದ ತುತ್ತಿಯನ್ನೂ ಕಿತ್ತುಬಿಡಿ ಅಕ್ಕಾ. ನಾನು ಎಣಿಸಿಯೇ ಹೇಳುವುದು."

ಕಿತ್ತಳು. ಮುಂದಿನ ಬೆಳೆಯಲ್ಲಿ ಬುಟ್ಟಿಗಟ್ಟಲೆ ಬೆಂಡೆ ತೂತಾಗಿ ಪಕ್ಕದ ಹಾಲಿನ ತಬೇಲದ ಎಮ್ಮೆಗಳ ಪಾಲಾಯಿತು. "ನನ್ನ ಕಣ್ಣ ತಪ್ಪಿರಬೇಕು ಬಿಡ್ರಿ," ಎಂದಳು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬೆಳೆ ಮತ್ತೆ ಬರುತ್ತದೆ. ಆದರೆ ತನ್ನ ಕಣ್ಣನ್ನೇ ನಂಬದಂತೆ ಒಬ್ಬಳನ್ನು ಮಾಡಿಬಿಡುವುದು —

ಈಗ ಅದೇ ವಿಷಯವನ್ನು ಪಾಠ ಮಾಡುತ್ತೇನೆ. ಹನ್ನೊಂದು ವರ್ಷಗಳ ನಂತರ, ಕಳೆದ ತಿಂಗಳು, ಮಲ್ಲಮ್ಮನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಮೆಂತ್ಯದ ಕಟ್ಟು ಕಟ್ಟುತ್ತಲೇ ಕೇಳಿಸಿಕೊಂಡಳು. ಹಳಿಯ ಮೇಲೆ ಒಂದು ಲೋಕಲ್ ರೈಲು ಹಾದುಹೋಯಿತು.

"ಇಷ್ಟ್ ವರ್ಷ ನನಗಽ ಮಂಕು ಕವದಿತ್ತು ಅನ್ಕೊಂಡಿದ್ನಲ್ಲೋ." ಆಮೇಲೆ ಕಟ್ಟನ್ನು ಬುಟ್ಟಿಗೆ ಎಸೆದು, "ಅಲ್ಲೋ ತಮ್ಮಾ, ಆ ಹುಳಕ್ಕ ನಿನ್ನ ಪುಸ್ತಕ ಓದಾಕ ಬರ್ತೈತೇನು? ಈ ಸಲ ನಾ ಎಣಸ್ತೀನಿ. ನೀ ಬುಟ್ಟಿ ಹಿಡಿ."

ನಾನು 'ಸರ' ಅಲ್ಲದವನಾಗಿ ಇಷ್ಟು ಹಗುರಾದದ್ದು ಅದೇ ಮೊದಲು. ನಾನು ಓದಿದ ಕಾಲೇಜಿಗೂ ಎಣಿಕೆ ಬದಲಿಸಿದ್ದನ್ನು ಒಪ್ಪಿಕೊಂಡು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಒಂದು ಪಾತಿಯ ಅಂಚಿನಲ್ಲಿ ತುತ್ತಿ ಮತ್ತೆ ಮೊಣಕಾಲುದ್ದ ಬೆಳೆದಿದೆ. ಯಾರೂ ಪಾತಿಯ ಹೆಸರು ಬದಲಿಸದಂತೆ ಆ ತುತ್ತಿಗೆ ಅವಳೇ ಕೆಂಪು ಚಿಂದಿ ಕಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಹೋಗಿ ಸದ್ಯಕ್ಕೆ ಮೆಂತ್ಯದ ಬುಟ್ಟಿ ಹಿಡಿಯುತ್ತೇನೆ. ಅವಳ ಬೆಳೆ ಹಾಳಾದ ಆ ವರ್ಷ ಹುಳ ಎಲ್ಲೆಡೆ ಹೆಚ್ಚಿತ್ತೇನೋ; ಹಾಗಿದ್ದರೂ ನನ್ನ ಸುಳ್ಳು ಸುಳ್ಳೇ. ಬೆಂಡೆ ಈಗಷ್ಟೇ ಮೊಗ್ಗಾಗಿದೆ. ಪತಂಗ ಯಾವ ಗಿಡಕ್ಕೆ ಹೋಗುತ್ತದೋ, ನನಗೆ ಗೊತ್ತಿಲ್ಲ.