ಮಾವ ಲ್ಯಾಮಿನೇಟ್ ಮಾಡಿದ ಸ್ಕ್ಯಾನ್

ನಮ್ಮ ಮನೆಯಲ್ಲಿ ಊಟದ ಬಾಳೆಎಲೆಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಲ್ಯಾಮಿನೇಟ್ ಆಗಿತ್ತು. ರೇಷನ್ ಕಾರ್ಡು, ಆಧಾರ್, ಭೂತೆರಿಗೆಯ ರಶೀದಿ, ನನ್ನ ಗಂಡನ ಹತ್ತನೆಯ ತರಗತಿಯ ಅಂಕಪಟ್ಟಿ, ಕೊನೆಗೆ ನಮ್ಮ ಮದುವೆಯ ಕರೆಯೋಲೆ ಕೂಡ. ಇದು ನನ್ನ ಮಾವನ ಕೈಂಕರ್ಯ. ಅವರು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ಅಣ್ಣತಮ್ಮಂದಿರ ಮೇಲೆ ದಾವೆ ಹೂಡುತ್ತಾರೆ. ನನ್ನ ಮಾವ ಮಂಗಳೂರಿಗೆ ಹೋಗಿ ಒಂದು ಲ್ಯಾಮಿನೇಷನ್ ಯಂತ್ರ ತಂದರು. ಈ ಊರಿನಲ್ಲಿ ಕಾಗದಕ್ಕೆ ಆಯುಸ್ಸಿಲ್ಲ, ಬೂಷ್ಟು ಬಿಟ್ಟರೆ ಗೆದ್ದಲು, ಗೆದ್ದಲು ಬಿಟ್ಟರೆ ಬೂಷ್ಟು ಎಂಬುದು ಅವರ ವಾದ. ವಾದದಲ್ಲಿ ತಪ್ಪಿಲ್ಲ. ಆದರೆ ಅತ್ತೆಯ ಉಪ್ಪಿನಕಾಯಿ ಮಸಾಲೆಯ ಅಳತೆಯ ಚೀಟಿಯನ್ನೂ ಅವರು ಲ್ಯಾಮಿನೇಟ್ ಮಾಡಿದ ಮೇಲೆ, ಅದನ್ನು ತಿದ್ದುವ ಹಕ್ಕು ಅತ್ತೆಗೇ ಇಲ್ಲದೆ ಹೋಯಿತು.

ಕುಂಬ್ಡಾಜೆಯ ಗುಡ್ಡ ಇಳಿದು ಜನ ತಮ್ಮ ಕಾಗದಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಮಾವ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ಯಂತ್ರ ಬಿಸಿಯಾಗುವವರೆಗೆ ಅವರ ಪಾಠ ಕೇಳಬೇಕಿತ್ತು. ಶಾಖ ಎಂದರೇನು, ಪ್ಲಾಸ್ಟಿಕ್ ಯಾಕೆ ಕರಗುತ್ತದೆ, ಜಗತ್ತಿನಲ್ಲಿ ಕಾರಣವಿಲ್ಲದೆ ಒಂದು ಎಲೆಯೂ ಯಾಕೆ ಅಲುಗುವುದಿಲ್ಲ ಎಂದೆಲ್ಲ. ಮೂಢನಂಬಿಕೆ ಕಂಡರೆ ಅವರಿಗೆ ಆಗದು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಅದೇ ದಾರಿಯಲ್ಲಿ ಮುಂದೆ ಹೋಗುವವರು. ದೇವಸ್ಥಾನಕ್ಕೆ ಹೋದರೂ ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಊಟ ಮುಗಿಸಿ, ಹಿಂದಿನ ಬಾಗಿಲಿನಿಂದಲೇ ಬರುವವರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಒಮ್ಮೆ ಬಸಿರಾಗಿದ್ದೆ. ಮೂರು ತಿಂಗಳಾಗುವಾಗ ಸ್ಕ್ಯಾನಿಂಗಿಗೆ ಹೋದೆ. ಮಂಚದ ಮೇಲೆ ಮಲಗಿದ್ದಾಗ ಡಾಕ್ಟರು ನಡುವೆ ಮಾತು ನಿಲ್ಲಿಸಿದರು, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮಗುವಿನ ಎದೆಬಡಿತ ನಿಂತಿತ್ತು. ಮನೆಗೆ ಬಂದಾಗ ಯಾರೂ ಏನೂ ಹೇಳಲಿಲ್ಲ. ಅತ್ತೆ ಗಂಜಿ ಬಡಿಸಿದರು, ಮಾವ ಪೇಪರು ಓದಿದರು, ಗಂಡ ಕಾರು ತೊಳೆದ. ನನ್ನನ್ನು ನೋಯಿಸಬಾರದೆಂದು ಮೂವರೂ ಎಷ್ಟು ಜಾಗ್ರತೆ ವಹಿಸಿದರೆಂದರೆ, ಆ ಮನೆಯಲ್ಲಿ ಅಳಲು ನನಗೆ ಒಂದು ಮೂಲೆ ಸಿಗಲಿಲ್ಲ. ಮರುವಾರ ಶಾಲೆಗೆ ಹೋಗಿ ಸಂಧಿ ಸಮಾಸ ಕಲಿಸಿದೆ.

ಅದಾಗಿ ಎರಡು ವರ್ಷದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಮತ್ತೆ ಬಸಿರಾದೆ. ಇದು ಉಳಿಯುತ್ತದೆಯೇ ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದ ಪ್ರಶ್ನೆ. ಉತ್ತರ ಇದ್ದದ್ದು ಕಾಸರಗೋಡಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ.

ಸ್ಕ್ಯಾನಿಂಗ್ ಸೆಂಟರೆಂದರೆ ಹೊಟ್ಟೆ ತುಂಬ ನೀರು ಕುಡಿದು ಮೂತ್ರ ಹಿಡಿದುಕೊಂಡು ಕೂತ ಹೆಂಗಸರ ಸಭೆ. ಕುಡಿಯಿರಿ ಎನ್ನುವುದು ಅವರೇ, ತಡೆಯಿರಿ ಎನ್ನುವುದೂ ಅವರೇ, ಕೊನೆಗೆ ಕರೆಯುವುದು ನಮ್ಮ ಪಕ್ಕದಲ್ಲಿ ಕೂತವಳನ್ನು. ಗೋಡೆಯ ಮೇಲೆ ಮೂರು ಭಾಷೆಗಳಲ್ಲಿ ಒಂದು ಬೋರ್ಡು: ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ, ಕೇಳುವುದೂ ಅಪರಾಧ. ಅದರ ಕನ್ನಡದಲ್ಲಿದ್ದ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದುತ್ತ ನಾನು ಮೂತ್ರವನ್ನೂ ಭಯವನ್ನೂ ಒಟ್ಟಿಗೆ ತಡೆದುಕೊಂಡೆ. ಗಂಡು ಹೆಣ್ಣಿನ ಮಾತು ಯಾರಿಗೆ ಬೇಕಿತ್ತು? ಜೀವ ಉಂಟೋ ಇಲ್ಲವೋ ಎಂದು ಕೇಳುವುದು ಅಪರಾಧವಲ್ಲವಷ್ಟೇ.

“ವೆಳ್ಳಂ ಕುಡಿಚ್ಚೋ?” ಎಂದು ಒಳಗೆ ಮಲಯಾಳದಲ್ಲಿ ಕೇಳಿದರು ಡಾಕ್ಟರಮ್ಮ. ನೀರು ಕುಡಿದದ್ದು ನನ್ನ ಮುಖದಲ್ಲೇ ಬರೆದಿತ್ತು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಅವರು ಯಂತ್ರದ ಹಿಡಿಯನ್ನು ಒತ್ತಿ ಆಡಿಸಿದರು. ಪರದೆಯ ಮೇಲೆ ಕಡಲೆಕಾಳಿನಷ್ಟು ಏನೋ ಇತ್ತು, ಅದರ ನಡುವೆ ಮಿಣುಕುವ ಒಂದು ಚುಕ್ಕಿ. “ಹಾರ್ಟ್” ಎಂದು ಬೆರಳು ತೋರಿಸಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ, ನಾನು ಮಿಟುಕಿಸಿದರೆ ಅದು ನಿಲ್ಲಬಹುದೆಂಬಂತೆ. ಆದರೆ ಪಕ್ಕದಲ್ಲಿ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ ಎಂದರು. ಕರಗಬಹುದು, ಹೆಚ್ಚಾಗಲೂಬಹುದು. ವಿಶ್ರಾಂತಿ ತೆಗೆದುಕೊಂಡು ಮೂರು ತಿಂಗಳು ತುಂಬುವಾಗ ಬನ್ನಿ ಎಂದು ಹೇಳಿ, ಚುಕ್ಕಿಯ ಒಂದು ಪ್ರಿಂಟು ಕೈಗೆ ಕೊಟ್ಟರು.

ಮನೆಯಲ್ಲಿ ಆ ಪ್ರಿಂಟಿಗೆ ದೊಡ್ಡ ಸ್ವಾಗತ. ಅತ್ತೆ ಅದನ್ನು ತಲೆಕೆಳಗು ಹಿಡಿದು, ಮೂಗು ಅಪ್ಪನದ್ದೇ ಎಂದರು. ಮೂಗು ಹುಟ್ಟಲು ಇನ್ನೂ ಸಮಯವಿತ್ತು. ಮಾವ ಕನ್ನಡಕ ಹಾಕಿ ಪಾಠಕ್ಕೆ ನಿಂತರು.

“ಬಾವಿಗೆ ಬಗ್ಗಿ ಕೂ ಹೇಳಿದ್ರೆ ತಿರುಗಿ ಕೇಳ್ತದಲ್ಲ? ಅಷ್ಟೇ ವಿಷಯ. ಇದು ನಮ್ಮ ಕಿವಿಗೆ ಕೇಳದ ಶಬ್ದ. ಒಳಗೆ ಹೋಗಿ, ತಾಗಿ, ವಾಪಸು ಬರ್ತದೆ. ಯಂತ್ರ ಅದನ್ನು ಚಿತ್ರ ಮಾಡ್ತದೆ.”

“ಹಾಗಾದ್ರೆ ಮಗು ಕೂ ಹೇಳಿತಾ?” ಎಂದರು ಅತ್ತೆ.

ಮಾವನ ಕಣ್ಣು ಆ ಕಾಗದದ ನುಣುಪಿನ ಮೇಲಿತ್ತು. ಎರಡೂ ಕೈಯಲ್ಲಿ ಹಿಡಿದು, “ಇದು ಹೀಗೆ ಇಟ್ರೆ ಹಾಳಾಗ್ತದೆ” ಎಂದರು.

“ಬೇಡ ಮಾವ, ಕೂಸು ಹುಟ್ಟುವ ಮೊದಲು ಕುಲಾವಿ ಬೇಡ” ಎಂದೆ ನಾನು.

“ಎಂತದು ಮಾರಾಯ್ತಿ, ನೀನೂ ಇದೆಲ್ಲ ನಂಬುದಾ?” ಎಂದು ನಕ್ಕು ಅವರು ಯಂತ್ರದ ಸ್ವಿಚ್ ಹಾಕಿದರು. ಬಿಸಿಯಾಗುವವರೆಗೆ ಮೂಢನಂಬಿಕೆಯ ಬಗ್ಗೆ ಚಿಕ್ಕದೊಂದು ಭಾಷಣವೂ ಆಯಿತು. ಆಮೇಲೆ ಪ್ರಿಂಟನ್ನು ಪ್ಲಾಸ್ಟಿಕ್ ಕವರಿನೊಳಗೆ ನೆಟ್ಟಗೆ ಇಟ್ಟು, ಊದಿ ಧೂಳು ಹಾರಿಸಿ, ಯಂತ್ರದ ಬಾಯಿಗೆ ಕೊಟ್ಟರು. ಈ ಕಡೆಯಿಂದ ಹೋದದ್ದು ಚಿತ್ರ, ಆ ಕಡೆಯಿಂದ ಬಂದದ್ದು ಸ್ಲೇಟು. ಕಡಲೆಕಾಳೂ ಇಲ್ಲ, ಚುಕ್ಕಿಯೂ ಇಲ್ಲ. ಮೂಲೆಯಿಂದ ಮೂಲೆಗೆ ಕಪ್ಪು, ಮೇಲೆ ಚೆಂದದ ಹೊಳಪು.

ನನ್ನ ಗಂಡ ಕೂಡಲೇ ಮೊಬೈಲ್ ತೆಗೆದು ಹುಡುಕಿ, ಇದು ಶಾಖಕ್ಕೆ ಕಪ್ಪಾಗುವ ಕಾಗದ, ಅದರ ಮೇಲೆ ಶಾಯಿಯೇ ಇರುವುದಿಲ್ಲ, ಬಿಸಿಯಿಂದಲೇ ಚಿತ್ರ ಮೂಡಿಸುವುದು ಎಂದು ಓದಿ ಹೇಳಿದ. ಅತ್ತೆ ಕಾಗದ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. “ಒಳ್ಳೆದೇ ಆಯ್ತು. ಹುಟ್ಟಿದ ಮಕ್ಕಳ ಕೆನ್ನೆಗೆ ಕಪ್ಪು ಬೊಟ್ಟು ಇಡುದಿಲ್ವಾ? ಇದಕ್ಕೆ ಮೈಯಿಡೀ ಇಟ್ಟ ಹಾಗಾಯ್ತು. ಇನ್ನು ಯಾರ ದೃಷ್ಟಿಯೂ ತಾಗುದಿಲ್ಲ” ಎಂದು ಅಡಿಗೆಮನೆಗೆ ಹೋದರು. ದೃಷ್ಟಿ, ಶಕುನ, ರಾಹುಕಾಲ ಎಲ್ಲವನ್ನೂ ಪಾಲಿಸುವ ಅತ್ತೆಗೆ ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಿದ್ದೆ ಕೆಟ್ಟದ್ದು ವಿಜ್ಞಾನದ ಮೇಷ್ಟ್ರಿಗೆ. ಶಾಖದ ಪಾಠವನ್ನು ಜೀವಮಾನವಿಡೀ ಮಾಡಿದವರಿಗೆ ಕಾಗದ ಕಪ್ಪಾದದ್ದು ಬರೀ ಶಾಖದಿಂದ ಎಂದು ಅರ್ಥವಾಗದೆ ಅಲ್ಲ. ಅರ್ಥವಾಗಿ ಏನೂ ಪ್ರಯೋಜನವಾಗಲಿಲ್ಲ. ಮಾರನೆಯ ದಿನ ಯಂತ್ರದ ಮೇಲೆ ಮೈ ಒರೆಸುವ ಹಳೆಯ ಬೈರಾಸು ಬಿತ್ತು. ಕಾಗದ ಹಿಡಿದುಕೊಂಡು ಬಂದವರಿಗೆ “ಅದು ಕೆಟ್ಟಿದೆ, ಮುಳ್ಳೇರಿಯಕ್ಕೆ ಹೋಗಿ” ಎಂಬ ಉತ್ತರ. ಊಟ ಅರ್ಧಕ್ಕೆ ನಿಂತಿತು. ನಾನು ಸ್ವಲ್ಪ ವೇಗವಾಗಿ ನಡೆದರೆ ಅವರ ಪೇಪರು ಕೆಳಗಿಳಿಯುತ್ತಿತ್ತು. ಒಂದು ದಿನ ಒಗೆಯಲು ಹಾಕಿದ ಅವರ ಅಂಗಿಯ ಕಿಸೆಯಲ್ಲಿ ನನಗೆ ಬಾಡಿದ ತುಳಸಿ, ಗಂಧ ಮೆತ್ತಿದ ಬಾಳೆಎಲೆಯ ಚೂರು ಸಿಕ್ಕಿತು. “ಅಡೂರಿನ ದೇವಸ್ಥಾನದಲ್ಲಿ ಮೇಷ್ಟ್ರನ್ನು ಕಂಡೆ, ಅದೂ ಬೆಳಗ್ಗಿನ ಪೂಜೆಗೆ” ಎಂದು ಪಕ್ಕದ ಮನೆಯವರು ಹೇಳಿದಾಗ ಅತ್ತೆ ನಂಬಲಿಲ್ಲ. “ಅಲ್ಲಿ ಬೆಳಿಗ್ಗೆ ಊಟ ಇಲ್ಲವಲ್ಲ” ಎಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಮನೆಯಲ್ಲೇ ಉದಾಹರಣೆ ಸಿಗುತ್ತದೆಂದು ಎಣಿಸಿರಲಿಲ್ಲ.

ಒಂದು ಸಂಜೆ ಅವರು ನನ್ನ ಹತ್ತಿರ ಬಂದು ನಿಂತರು. ನೇರ ನೋಡಲಿಲ್ಲ.

“ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದ್ರೆ ಎಂತ? ಸುಮ್ಮನೆ ಒಂದು ಪ್ರಿಂಟ್ ತರುದು.”

“ಡಾಕ್ಟ್ರು ಹೇಳಿದ ದಿನಕ್ಕೆ ಹೋದ್ರೆ ಸಾಕು ಮಾವ.”

“ಅಲ್ಲ, ಈಗ ಒಳಗೆ ಹೇಗುಂಟು ಅಂತ…”

“ನಂಗೆ ಗೊತ್ತಾ ಮಾವ, ಒಳಗೆ ಹೇಗುಂಟು ಅಂತ?” ಎಂದು ನಾನು ಜೋರಾಗಿಯೇ ಹೇಳಿದೆ.

ಸಿಟ್ಟು ಬಂದಿತ್ತು. ಇಂದಿಗೂ ಆ ಸಿಟ್ಟು ಸರಿಯೆಂದೇ ನನಗೆ ತೋರುತ್ತದೆ. ಮಗು ಇದ್ದದ್ದು ನನ್ನ ಹೊಟ್ಟೆಯಲ್ಲಿ. ಹೆದರುವ ಹಕ್ಕು ಮೊದಲು ನನ್ನದು. ಆದರೆ ಆ ಮನೆಯ ಹೆದರಿಕೆಯನ್ನೆಲ್ಲ ಮಾವನೇ ವಹಿಸಿಕೊಂಡುಬಿಟ್ಟಿದ್ದರು. ನನಗೆ ಉಳಿದದ್ದು ಧೈರ್ಯ ಹೇಳುವ ಕೆಲಸ. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಕಾಣುತ್ತದೋ ಎಂದು ನಾನು ಬಟ್ಟೆ ನೋಡುತ್ತಿದ್ದೆ. ನೋಡಿ ಹೊರಗೆ ಬಂದು, ಬಾಗಿಲ ಹತ್ತಿರವೇ ಸುಳಿದಾಡುವ ಮಾವನಿಗಾಗಿ ಮುಖ ನಗುಮುಖ ಮಾಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಕಪ್ಪು ಹಾಳೆ ನನಗೂ ಕನಸಿನಲ್ಲಿ ಬರುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ, ಶಾಸ್ತ್ರ ನಂಬುವವರಿಗೂ, ವಿಜ್ಞಾನ ನಂಬುವವರಿಗೂ.

ಸ್ಕ್ಯಾನಿಂಗಿನ ದಿನ ಬಂತು. ಎರಡನೆಯ ಶನಿವಾರ. ನಾನು, ಗಂಡ ಕಾರು ಹತ್ತುವಾಗ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. “ನನಗೂ ಕಾಸರಗೋಡಿಗೆ ಹೋಗ್ಲಿಕ್ಕುಂಟು. ಪೆನ್ಷನಿನ ವಿಷಯ, ಟ್ರೆಜರಿಯಲ್ಲಿ. ನಾನು ಬಸ್ಸಿನಲ್ಲಿ ಹೋಗ್ತೇನೆ” ಎಂದರು. ಎರಡನೆಯ ಶನಿವಾರ ಕೇರಳದಲ್ಲಿ ಟ್ರೆಜರಿ ತೆರೆಯುವುದಿಲ್ಲ ಎನ್ನುವುದು ಪೆನ್ಷನಿನವರಿಗೆ ಗೊತ್ತಿಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕು? ಅತ್ತೆ ಒಳಗಿನಿಂದ ಕೊಡೆ ತಂದು ಅವರ ಕೈಗೆ ಕೊಟ್ಟರು.

ಕಾಸರಗೋಡು ಮುಟ್ಟಿದ ಮೇಲೆ ಗಂಡ ನನ್ನನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಜೀವನದ ಮುಖ್ಯ ಘಟ್ಟಗಳಲ್ಲೆಲ್ಲ ಅವನು ಜಾಗ ಹುಡುಕುತ್ತಿರುತ್ತಾನೆ. ನಾನು ನೀರು ಕುಡಿದೆ, ಕಾದೆ, ನನ್ನ ಪಕ್ಕದವಳನ್ನು ಕರೆದರು, ಆಮೇಲೆ ನನ್ನನ್ನು.

ಅದೇ ಡಾಕ್ಟರಮ್ಮ, ಅದೇ ತಣ್ಣನೆಯ ಜೆಲ್. ಹಿಡಿಯನ್ನು ಹೊಟ್ಟೆಯ ಮೇಲಿಟ್ಟು ಮೊದಲು ಏನೋ ಮಾತಾಡಿದರು, ದಾರಿ ಹೇಗಿತ್ತು, ರಜೆ ಸಿಕ್ಕಿತೋ ಎಂದು. ಆಮೇಲೆ ಮಾತು ನಿಲ್ಲಿಸಿದರು. ಪರದೆ ಅವರ ಕಡೆಗೇ ಇತ್ತು. ಆ ಮೌನ ನನಗೆ ಗೊತ್ತಿದ್ದ ಮೌನ. ನಾನು ಮೇಲಿನ ಫ್ಯಾನು ನೋಡುತ್ತ, ಮನೆಗೆ ಹೋಗಿ ಗಂಜಿ ಉಣ್ಣಬೇಕು, ಸೋಮವಾರ ಶಾಲೆಗೆ ಹೋಗಬೇಕು ಎಂದು ಎಣಿಸಿದೆ. ಮಾವನಿಗೆ ಹೇಗೆ ಹೇಳುವುದು ಎಂದೂ ಎಣಿಸಿದೆ.

“ಟೀಚರ್, ಉಸಿರು ಬಿಡಿ. ನೀವು ಹೀಗೆ ಉಸಿರು ಕಟ್ಟಿದರೆ ನನಗೆ ಅಳತೆ ಸಿಗುವುದಿಲ್ಲ” ಎಂದರು ಡಾಕ್ಟರಮ್ಮ ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ. ಅವರು ಸುಮ್ಮನಿದ್ದದ್ದು ಅಳೆಯಲಿಕ್ಕೆ. ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಕಡಲೆಕಾಳಿಗೆ ತಲೆ ಬಂದಿತ್ತು, ಕೈ ಬಂದಿತ್ತು, ಆ ಕೈಯನ್ನು ಅದು ಬೀಸುತ್ತಲೂ ಇತ್ತು. ರಕ್ತ ಕರಗಿದೆ ಎಂದರು. ಒಂದು ಗುಂಡಿ ಒತ್ತಿದರು. ಕೋಣೆಯ ತುಂಬ ಹೊಲಿಗೆ ಯಂತ್ರ ಓಡಿದ ಹಾಗೆ ಸದ್ದು ಕೇಳಿತು. ಅಷ್ಟು ಅವಸರದಲ್ಲಿ ಅದು ಏನು ಹೊಲಿಯುತ್ತಿತ್ತೋ.

ಹೊರಗೆ ಬಂದಾಗ ನೀರಿನ ಬಾಟಲಿ ಹಿಡಿದ ಹೆಂಗಸರ ಸಾಲಿನ ಕೊನೆಯಲ್ಲಿ, ಕೊಡೆಯನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಮಾವ ಕೂತಿದ್ದರು. ನನ್ನನ್ನು ಕಂಡು ಎದ್ದರು. ಟ್ರೆಜರಿಯ ಮಾತು ಎತ್ತಲಿಲ್ಲ.

“ಉಂಟಾ?” ಎಂದರು.

“ಉಂಟು ಮಾವ.”

ಅವರು ಕುರ್ಚಿಗೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟು ಜನರ ಎದುರು ದೊಡ್ಡ ದನಿ ತೆಗೆದು ಅತ್ತರು. ಮೇಷ್ಟ್ರು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಮೆಲುದನಿಯ ಮಾತು ಅವರಿಗೆ ತಲುಪಿರಲಿಲ್ಲ, ಅಳು ತಲುಪಿತ್ತು. ಸ್ಕ್ಯಾನಿಂಗ್ ಕೋಣೆಯಿಂದ ಹೆಂಗಸು ಹೊರಬಂದು, ಮನೆಯ ಹಿರಿಯರು ಹೀಗೆ ಅತ್ತರೆ ಅರ್ಥ ಒಂದೇ. ನನ್ನ ತಾಯಿಯ ವಯಸ್ಸಿನ, ತಲೆಗೆ ಬಟ್ಟೆ ಹೊದ್ದ ಒಬ್ಬರು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಬೆನ್ನು ಸವರುತ್ತ, “ಸಾರಮಿಲ್ಲ ಮೋಳೇ, ಸಾರಮಿಲ್ಲ. ಇನಿಯುಂ ಉಂಡಾವುಂ” ಎಂದರು. ಪರವಾಗಿಲ್ಲ ಮಗಳೇ, ಇನ್ನೂ ಆಗುತ್ತದೆ.

ಇಲ್ಲಮ್ಮ, ಎಲ್ಲ ಸರಿಯಾಗಿದೆ ಎಂದು ನಾನು ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಹೇಳಲಿಲ್ಲ. ಎರಡು ವರ್ಷದ ಹಿಂದೆ ಹೋದ ಮಗುವಿಗಾಗಿ ಆ ಮಾತನ್ನು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಗುರುತಿಲ್ಲದ ಆ ಹೆಂಗಸಿನ ಭುಜದ ಮೇಲೆ ತಲೆಯಿಟ್ಟು, ಆ ಮಗುವಿಗಾಗಿ, ಬೇಕಾದಷ್ಟು ಅತ್ತುಬಿಟ್ಟೆ.